ಬಾಡಿಗೆಯ ಮಣ್ಣಿನಲ್ಲಿ ಟ್ಯೂಲಿಪ್

ನಳದಲ್ಲಿ ಮೊದಲು ಗಾಳಿ ಬರುತ್ತದೆ, ಆಮೇಲೆ ನೀರು. ಪುಣೆಯಲ್ಲಿ ನನ್ನ ಬೆಳಗು ಶುರುವಾಗುವುದು ಆ ಗಾಳಿಯ ಸದ್ದಿನಿಂದ. ಫೆಬ್ರವರಿಯ ಆ ಮುಂಜಾನೆಯೂ ಹಾಗೆಯೇ ಎದ್ದೆ. ಎರಡು ದಿನ ಜ್ವರದಲ್ಲಿ ಮಲಗಿದ್ದವಳ ಕಾಲಿನಲ್ಲಿ ಇನ್ನೂ ಕಸುವಿರಲಿಲ್ಲ. ನೀರಿಗೆ ಅದೆಲ್ಲ ಗೊತ್ತಾಗುವುದಿಲ್ಲ. ಕೊಡ ತುಂಬಿಸಿದೆ, ಪಾತೇಲಿ ತುಂಬಿಸಿದೆ, ಬಚ್ಚಲಿನ ಹಂಡೆ ತುಂಬಿಸಿದೆ. ಸ್ಟೋವಿಗೆ ಪಿನ್ನು ಹಾಕಿ ಹೊತ್ತಿಸಿ ಹಾಲಿಟ್ಟೆ. ಪಿಂಪರಿಯ ಕಾರ್ಖಾನೆಯ ಬಸ್ಸು ಬರುವುದರೊಳಗೆ ಇವರ ಡಬ್ಬಿ ಕಟ್ಟಬೇಕು, ಮಗಳ ಜಡೆ ಹೆಣೆಯಬೇಕು. ನಡುವೆ ಒಂದು ಬಕೆಟ್ ನೀರು ಹಿಡಿದುಕೊಂಡು ಹಿತ್ತಲಿಗೆ ಹೋದೆ. ಅರೆಬೆಳಕು. ಒಗೆಯುವ ಕಲ್ಲಿನ ಹಿಂದೆ, ಗೋಡೆಯ ಬುಡದಲ್ಲಿ, ಯಾರೋ ಕೆಂಪು ಪ್ಲಾಸ್ಟಿಕ್ ಲೋಟ ಬಿಟ್ಟು ಹೋದಂತಿತ್ತು. ಮಗಳದೇ ಕೆಲಸ ಎಂದು ಗೊಣಗುತ್ತ ಎತ್ತಿಕೊಳ್ಳಲು ಬಗ್ಗಿದೆ.

ಲೋಟಕ್ಕೆ ದಂಟಿತ್ತು.

ನಾನು ಮಲಗಿದ್ದ ಎರಡು ದಿನದಲ್ಲಿ ನನ್ನ ಹಸಿರು ಮೊಗ್ಗು ಕೆಂಪಾಗಿ ನಿಂತಿತ್ತು. ಟ್ಯೂಲಿಪ್. ಅದೂ ಕುಂಡದಲ್ಲಲ್ಲ, ನೆಲದಲ್ಲಿ. ಬಕೆಟ್ ಅಲ್ಲೇ ಇಟ್ಟು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಖುಷಿಯಾಯಿತೆಂದು ಬರೆದರೆ ಪೂರ್ತಿ ನಿಜವಾಗುವುದಿಲ್ಲ. ಮೊದಲು ಬಂದದ್ದು ಗಾಬರಿ. ಇನ್ನು ಸ್ವಲ್ಪ ಹೊತ್ತಿಗೆ ನಮ್ಮ ಮನೆಯ ಮಾಲಕಿ ಸಾಠೆ ಕಾಕು ಸ್ನಾನ ಮುಗಿಸಿ, ಬೆತ್ತದ ಬುಟ್ಟಿ ಹಿಡಿದು ದೇವರ ಹೂವು ಕೀಳಲು ಬರುವವರಿದ್ದರು. ಆ ಹಿತ್ತಲಲ್ಲಿ ಅರಳಿದ್ದು ಯಾವುದೇ ಇರಲಿ, ಬಿಸಿಲು ಬೀಳುವುದರೊಳಗೆ ಅವರ ಬುಟ್ಟಿ ಸೇರುತ್ತದೆ. ಹಿತ್ತಲು ಅವರದು, ಹೂವು ಅವರ ದೇವರದು. ನಾನು ಒಂಬತ್ತು ವರ್ಷದಿಂದ ಅಲ್ಲಿರುವ ಭಾಡೇಕರೂ, ಅಂದರೆ ಬಾಡಿಗೆಯವಳು.

ಒಂದು ಹೂವಿಗೆ ಇಷ್ಟು ಗಾಬರಿ ಯಾಕೆಂದು ಊರಿನಲ್ಲಿ ಕೂತು ಇದನ್ನು ಓದುವ ನಿಮಗೆ ಅನ್ನಿಸಬಹುದು. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಮದುವೆಯಾದ ವರ್ಷ ಧಾರವಾಡದಿಂದ ಹೊರಟು, ಮಿರಜದಲ್ಲಿ ಗಾಡಿ ಬದಲಿಸಿ, ಒಂದು ಟ್ರಂಕು ಮತ್ತು ಎರಡು ಹಾಸಿಗೆಯ ಸುರುಳಿಯೊಂದಿಗೆ ಪುಣೆಗೆ ಇಳಿದೆವು. ಎರಂಡವಣೆಯ ಒಂದು ಗಲ್ಲಿಯಲ್ಲಿ ಸಾಠೆ ಕಾಕು ಅವರ ಬಂಗಲೆಯ ಹಿಂದಿನ ಎರಡು ಕೋಣೆ ನಮಗೆ ಸಿಕ್ಕವು. ಕಾಕು ಎಂದರೆ ಚಿಕ್ಕಮ್ಮ. ಸಂಬಂಧವಿಲ್ಲದಿದ್ದರೂ ಇಲ್ಲಿ ಹಿರಿಯ ಹೆಂಗಸರನ್ನೆಲ್ಲ ಹಾಗೆ ಕರೆಯುತ್ತಾರೆ. ಗಂಡನನ್ನು ಕಳೆದುಕೊಂಡವರು, ಮಗ ಮುಂಬಯಿಯಲ್ಲಿ. ಮುಂಬಾಗಿಲ ಪಕ್ಕದಲ್ಲಿ ಅವರದೊಂದು ಫಲಕ: ಒಂದರಿಂದ ನಾಲ್ಕರ ತನಕ ಗಂಟೆ ಬಾರಿಸಬಾರದು. ನಮ್ಮ ಧಾರವಾಡದಲ್ಲಿ ಮಧ್ಯಾಹ್ನ ಯಾರಾದರೂ ಬಂದರೆ ಮಲಗಿದ್ದವರು ಎದ್ದು ಚಹಾಕ್ಕಿಡುತ್ತೇವೆ. ಇಲ್ಲಿ ಬಂದವರು ನೆರಳು ಹುಡುಕಿಕೊಂಡು ನಾಲ್ಕರ ತನಕ ಕಾಯುತ್ತಾರೆ. ಮೊದಮೊದಲು ಇದು ಕಲ್ಲೆದೆ ಅನ್ನಿಸಿತ್ತು. ಈಗ ಆ ಮೂರು ತಾಸು ನನಗೂ ಬೇಕಾಗಿವೆ.

ಕೋಣೆ ತೋರಿಸಿದ ದಿನವೇ ಕಾಕು ಒಂದು ಮಾತು ಹೇಳಿದ್ದರು. ಅವರು ಆಡಿದ್ದು ಮರಾಠಿ. ಇಲ್ಲಿ ನಮ್ಮ ಕನ್ನಡದಲ್ಲೇ ಬರೆಯುತ್ತೇನೆ, ದನಿ ಮಾತ್ರ ಅವರದೇ ಎಂದು ತಿಳಿಯಿರಿ.

"ಗಿಡದ ಹುಚ್ಚು ಇದ್ರ ಕುಂಡದಾಗ ಹಚ್ಚು. ನೆಲದಾಗ ಬ್ಯಾಡ. ಆ ಮೂಲೀಮನಿ ಬಾಡಿಗೆಯವರು ಒಂದು ತೆಂಗಿನ ಸಸಿ ಹಚ್ಚಿದ್ರು. ಈಗ ಅದು ಮಾಳಿಗಿಗಿಂತ ಎತ್ತರ ಆಗೇದ, ತೆಂಗು ನಮ್ದು ಅಂತ ಕೋರ್ಟಿನಾಗ ನಿಂತಾರ."

ಅದರಲ್ಲಿ ಸಿಟ್ಟಿರಲಿಲ್ಲ. ನಳದ ವೇಳೆ ಹೇಳಿದಷ್ಟೇ ಸಹಜವಾಗಿ ಹೇಳಿದ್ದರು. ಹೀಗಾಗಿ ಎಣ್ಣೆಯ ಡಬ್ಬ, ಬಿರುಕು ಬಿಟ್ಟ ಬಕೆಟ್ಟು, ಹಳೆಯ ಪಾತೇಲಿಗಳಲ್ಲಿ ನನ್ನ ತೋಟ ಬೆಳೆಯಿತು. ಕರಿಬೇವು, ಮರುಗ, ಅಬ್ಬಲಿಗೆ. ಇವರಿಗೂ ಅದೇ ಸರಿ. "ನಾಳೆ ಮನಿ ಬಿಡು ಅಂದ್ರ ಎತ್ತಿಕೊಂಡು ನಡೀಬಹುದಲ್ಲ, ಸುಮತಿ" ಎನ್ನುತ್ತಿದ್ದರು. ಮನೆ ಬಿಡು ಎಂದು ಯಾರೂ ಅನ್ನಲಿಲ್ಲ. ಆದರೆ ಒಂಬತ್ತು ವರ್ಷ ನಾವು ಹಾಗೆಯೇ ಇದ್ದೆವು, ಎತ್ತಿಕೊಂಡು ನಡೆಯುವ ಹಾಗೆ. ಕಪಾಟು ಕೊಳ್ಳಲಿಲ್ಲ, ಗೋಡೆಗೆ ಮೊಳೆ ಹೊಡೆಯಲಿಲ್ಲ. ಸಂತೆಯಲ್ಲಿ ಮಾತಾಡುವಾಗ ಪ್ರತಿ ಮಾತನ್ನೂ ಮನಸ್ಸಿನಲ್ಲಿ ಒಮ್ಮೆ ಆಡಿ ಆಮೇಲೆ ಬಾಯಿಂದ ಆಡುವುದು ರೂಢಿಯಾಯಿತು. ಕೇಳಲು ಇದು ದೊಡ್ಡ ಕಷ್ಟವಲ್ಲ. ದಿನಾ ಮಾಡಿದರೆ ಸಂಜೆಗೆ ದವಡೆ ನೋಯುತ್ತದೆ. ಬೇಸಿಗೆಗೆ ಊರಿಗೆ ಬಂದರೆ ನನ್ನ ಕನ್ನಡದಲ್ಲಿ ಮರಾಠಿ ಬೆರೆತಿದೆ ಎಂದು ತಂಗಿ ನಗುತ್ತಾಳೆ.

ನನಗೆ ನೆಲದಲ್ಲಿ ಒಮ್ಮೆ ಏನಾದರೂ ನೆಡಬೇಕಿತ್ತು. ತಳವಿಲ್ಲದ ಕಡೆ. ಇಷ್ಟೇ ಆಸೆ, ಇದನ್ನು ಬಾಯಿಬಿಟ್ಟು ಹೇಳಲೂ ನಾಚಿಕೆ.

ಇನ್ನು ಟ್ಯೂಲಿಪ್ ಹೇಗೆ ಬಂತೆಂದರೆ, ಇವರ ಕಾರ್ಖಾನೆಗೆ ಯಂತ್ರ ಜೋಡಿಸಲು ಹಾಲೆಂಡಿನ ಒಬ್ಬ ಎಂಜಿನಿಯರ್ ಬಂದಿದ್ದ. ಅವನ ಹೆಂಡತಿ ಆನೆಕೆಗೆ ಪೇಟೆ ತೋರಿಸಲು ಇಂಗ್ಲಿಷ್ ಬಲ್ಲ ಹೆಂಗಸು ಬೇಕಾಗಿತ್ತು. ಕಾನ್ವೆಂಟಿನಲ್ಲಿ ಕಲಿತವಳು ಎಂದು ನನ್ನನ್ನು ಕಳಿಸಿದರು. ತುಳಶೀಬಾಗಿನ ಸಂದಿಗಳಲ್ಲಿ ಅವಳೊಂದಿಗೆ ಬಳೆ, ತಾಮ್ರದ ಗಿಂಡಿ ಕೊಳ್ಳುತ್ತ ಓಡಾಡಿದೆ. ಒಂದು ಮಧ್ಯಾಹ್ನ ಊಟಕ್ಕೆ ಬಂದವಳು ನಮ್ಮ ದಿಂಬಿನ ಕವರು ನೋಡಿ ಕೂತಲ್ಲಿಂದ ಎದ್ದಳು. ಅದರ ಮೇಲೆ ಟ್ಯೂಲಿಪ್ ಹೂವಿನ ಕಸೂತಿ.

ನಮ್ಮ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಹತ್ತಿರ ಇದ್ದ ನಕ್ಷೆಗಳೆಲ್ಲ ಎಲ್ಲಿಯದೋ ಪರದೇಶದವು. ಕಾರ್ಬನ್ ಕಾಗದ ಇಟ್ಟು ಬಟ್ಟೆಗೆ ಇಳಿಸಿಕೊಂಡು ನಾವು ವರ್ಷಗಟ್ಟಲೆ ಟ್ಯೂಲಿಪ್ ಹೊಲಿದೆವು. ನನ್ನ ಮದುವೆಯ ಟ್ರಂಕಿನಲ್ಲಿದ್ದ ದಿಂಬಿನ ಕವರು, ಟ್ರೇ ಬಟ್ಟೆ, ಕರವಸ್ತ್ರ, ಎಲ್ಲದರ ಮೇಲೂ ಅದೇ. ಮಲ್ಲಿಗೆಯನ್ನು ಒಂದು ಸಲವೂ ಹೊಲಿಯಲಿಲ್ಲ. ಹೊಲಿದ ಹೂವನ್ನು ಒಂದು ಸಲವೂ ನೋಡಲಿಲ್ಲ. ಅದಕ್ಕೆ ವಾಸನೆ ಇದೆಯೋ ಇಲ್ಲವೋ ಎಂಬುದೂ ನನಗೆ ಗೊತ್ತಿರಲಿಲ್ಲ. ಆನೆಕೆಯನ್ನು ಕೇಳಿದೆ. ಅವಳು ನಕ್ಕಳು, ಉತ್ತರ ಹೇಳಲಿಲ್ಲ. ರಜೆಗೆ ಊರಿಗೆ ಹೋಗಿ ಸಪ್ಟೆಂಬರಿನಲ್ಲಿ ಮರಳಿದಾಗ ಕಂದು ಕಾಗದದ ಚೀಲದಲ್ಲಿ ಐದು ಗಡ್ಡೆ ತಂದು ನನ್ನ ಕೈಗಿಟ್ಟಳು. ಡಿಸೆಂಬರಿನ ತನಕ ಫ್ರಿಜ್ಜಿನಲ್ಲಿಡು, ಹಣ್ಣಿನ ಪಕ್ಕ ಇಡಬೇಡ, ಚಳಿ ಬಂದ ಮೇಲೆ ತಂಪು ನೆಲದಲ್ಲಿ ನೆಡು, ಕುಂಡ ಬಿಸಿಯಾಗುತ್ತದೆ, ಕುಂಡ ಬೇಡ ಎಂದಳು. ಆ ಗಡ್ಡೆಗೆ ನಿದ್ದೆ ಬೇಕು, ಹಿಮದ ನಿದ್ದೆ, ಅದಿಲ್ಲದೆ ಹೂವಿಲ್ಲ.

ನಮ್ಮಲ್ಲಿ ಫ್ರಿಜ್ಜಿರಲಿಲ್ಲ. ತಂಪು ನೆಲವೂ ಇರಲಿಲ್ಲ. ಎರಡೂ ಇದ್ದದ್ದು ಕಾಕು ಅವರಲ್ಲಿ.

ಮೊದಲು ಫ್ರಿಜ್ ಕೇಳಿದೆ. ಕಾಕು ಚೀಲದೊಳಗೆ ಇಣುಕಿದರು. ಮುಖ ಗಂಟಾಯಿತು. "ಅಗಬಾಯಿ! ಕಾಂದಾ?"

ಅವರ ತಪ್ಪಿಲ್ಲ. ಟ್ಯೂಲಿಪ್ಪಿನ ಗಡ್ಡೆ ನೋಡಲು ಥೇಟ್ ಸಣ್ಣ ಉಳ್ಳಾಗಡ್ಡಿ, ಅದೇ ಕಂದು ಸಿಪ್ಪೆ, ಅದೇ ಚೂಪು ತುದಿ. ಮೇಲಾಗಿ ಅದು ಚಾತುರ್ಮಾಸ. ಆಷಾಢದ ಏಕಾದಶಿಯಿಂದ ಕಾರ್ತಿಕದ ಏಕಾದಶಿಯ ತನಕ ಕಾಕು ಅವರ ಮನೆಗೆ ಉಳ್ಳಾಗಡ್ಡಿ ಬೆಳ್ಳುಳ್ಳಿ ಹೊಸ್ತಿಲು ದಾಟುವುದಿಲ್ಲ. ವ್ರತ ಹಿಡಿಯುವ ಮೊದಲಿನ ನವಮಿಯಂದು ಮಾತ್ರ ಅವರು ಬಗೆಬಗೆಯ ಕಾಂದಾ ಭಜಿ ಕರಿದು ನಾಲ್ಕು ತಿಂಗಳ ಆಸೆಯನ್ನು ಒಂದೇ ದಿನ ತೀರಿಸಿಕೊಳ್ಳುತ್ತಾರೆ. ನಮ್ಮ ಮನೆಯಲ್ಲೂ ಅತ್ತೆ ವ್ರತ ಹಿಡಿಯುತ್ತಿದ್ದರು, ಆದರೆ ಇಷ್ಟು ಹಬ್ಬ ಮಾಡಿ ಉಳ್ಳಾಗಡ್ಡಿಯನ್ನು ಬೀಳ್ಕೊಡುವುದನ್ನು ನಾನು ನೋಡಿದ್ದು ಇಲ್ಲಿಯೇ.

"ಹೂವಿನ ಗಡ್ಡಿ ಕಾಕು. ಮೂಸಿ ನೋಡ್ರಿ."

ಮೂಸಿದರು. ನಂಬಿಕೆ ಬಂತು. "ಇಡು. ಆದ್ರ ಹಣ್ಣು ತಗೀ ಅಂತೀಯಲ್ಲ, ನನ್ನ ಚಿಕ್ಕು ಎಲ್ಲಿಡ್ಲಿ? ನಿನ್ನ ತಲೀ ಮ್ಯಾಲ?" ಎಂದರು. ಆದರೂ ಚಿಕ್ಕುಗಳನ್ನು ತೆಗೆದು ಜಾಳಿಗೆಯ ಕಪಾಟಿಗೆ ಹಾಕಿದರು.

ನವರಾತ್ರಿಗೆ ಭೋರಿನಿಂದ ಅವರ ಅಕ್ಕ ಬಂದರು. ಕಾಕುವಿಗಿಂತ ಹತ್ತು ವರ್ಷ ಹಿರಿಯರು, ಹತ್ತು ಪಟ್ಟು ಮಡಿ. ಕಾಕು ದೇವಸ್ಥಾನಕ್ಕೆ ಹೋದ ವೇಳೆ ಹಾಲಿಡಲೆಂದು ಫ್ರಿಜ್ ತೆರೆದವರಿಗೆ ಕಂಡದ್ದು, ಘಟಸ್ಥಾಪನೆಯಾದ ಮನೆಯಲ್ಲಿ ಐದು ಕಾಂದಾ. ಯಾರನ್ನೂ ಕೇಳಲಿಲ್ಲ. ಇಕ್ಕಳದಿಂದ ಚೀಲ ಹಿಡಿದು ಒಯ್ದು ಗೇಟಿನ ಪಕ್ಕದ ಗೋಡೆಯ ಮೇಲಿಟ್ಟು, ಫ್ರಿಜ್ಜಿಗೆ ಗೋಮೂತ್ರ ಚಿಮುಕಿಸಿ, ಮತ್ತೆ ಸ್ನಾನ ಮಾಡಿದರು. ನಾನು ಸಂಗತಿ ತಿಳಿದು ಗೇಟಿಗೆ ಓಡುವಷ್ಟರಲ್ಲಿ ಗೋಡೆ ಬರಿದಾಗಿತ್ತು.

ಪಕ್ಕದ ನಿವೇಶನದಲ್ಲಿ ನಾಲ್ಕಂತಸ್ತಿನ ಕಟ್ಟಡ ಏಳುತ್ತಿತ್ತು. ಅಲ್ಲಿ ಕಲಬುರ್ಗಿ ಕಡೆಯ ಕೂಲಿಯವರ ತಟ್ಟಿನ ಗುಡಿಸಲುಗಳು. ಒಲೆಯೊಂದರಿಂದ ಹೊಗೆ ಏಳುತ್ತಿತ್ತು. ನಾನು ಮರಾಠಿಯಲ್ಲಿ ತಡವರಿಸುತ್ತ, ಗೋಡೆ, ಚೀಲ, ಕಾಂದಾ ಎಂದೆ. ಒಲೆಯ ಮುಂದಿದ್ದ ಹೆಂಗಸು ನನ್ನನ್ನು ಮೇಲೆ ಕೆಳಗೆ ನೋಡಿ, ಒಳಗಿನವರಿಗೆ ಕನ್ನಡದಲ್ಲಿ ಕೂಗಿದಳು. "ಏ, ಉಳ್ಳಾಗಡ್ಡಿ ಬಾಯಿ ಬಂದಾಳ ನೋಡ್ರ್ಯೋ!"

"ನಾನೂ ಕನ್ನಡದಾಕೀನ" ಎಂದೆ. ಅವಳು ನಾಲಿಗೆ ಕಚ್ಚಿಕೊಂಡು ಜೋರಾಗಿ ನಕ್ಕಳು. ಹೆಸರು ಭೀಮವ್ವ.

"ಗ್ವಾಡಿ ಮ್ಯಾಲ ಇಟ್ಟದ್ದು ಬಡವ್ರಿಗೇ ಅಂತ ತಂದೇರಿ ಎವ್ವಾ. ಎಲ್ಡು ಹೆಚ್ಚೀನಿ. ಖರೇ ಅಂದ್ರ ಕಣ್ಣಾಗ ನೀರs ಬರಲಿಲ್ರಿ. ಇದೆಂಥಾ ಉಳ್ಳಾಗಡ್ಡಿ, ಹೆಚ್ಚಿದ್ರ ಅಳಸೂದಿಲ್ಲ ಅಂತ ಅಂಜಿ ಸಾರಿಗಿ ಹಾಕಲಿಲ್ಲ."

ಹೆಚ್ಚಿದ ಎರಡು ಗಡ್ಡೆ ತಟ್ಟೆಯಲ್ಲಿ ಬೆಳ್ಳಗೆ ಬಿದ್ದಿದ್ದವು. ಒಂದರ ನಡುವೆ, ಉಗುರಿನಷ್ಟು, ಹೂವಿನ ಆಕಾರವೊಂದು ಆಗಲೇ ಮಡಚಿಕೊಂಡು ಕೂತಿತ್ತು. ಅಳಿಸದ ಉಳ್ಳಾಗಡ್ಡಿ ಎಂದಳಲ್ಲ, ನನಗೆ ಅಲ್ಲೇ ಕಣ್ಣು ತುಂಬಿ ಬಂತು. ಭೀಮವ್ವ ಉಳಿದ ಮೂರನ್ನು ಸೆರಗಿನಿಂದ ಒರೆಸಿ ಕೊಟ್ಟಳು. "ಉಳ್ಳಾಗಡ್ಡಿಗೆ ಇಷ್ಟ್ಯಾಕ್ರಿ ಎವ್ವಾ, ನಾ ಕೊಡ್ತೀನಿ ತಗೋರಿ" ಎಂದು ತನ್ನ ಬುಟ್ಟಿಯಿಂದ ನಿಜವಾದದ್ದು ಎರಡು ತೆಗೆದು ಮೇಲೆ ಹಾಕಿದಳು. ಬೇಡವೆನ್ನಲು ಆಗಲಿಲ್ಲ.

ಕಾಕು ಮರಳಿ ಬಂದು ಕೇಳಿದವರು ಅಕ್ಕನಿಗೆ ಏನೂ ಅನ್ನಲಿಲ್ಲ. ನನಗೂ ತಪ್ಪಾಯಿತು ಎನ್ನಲಿಲ್ಲ. ಆ ಮಾತು ಅವರ ಬಾಯಲ್ಲಿ ನಾನು ಇಂದಿಗೂ ಕೇಳಿಲ್ಲ. ಮೂರು ಗಡ್ಡೆಗಳನ್ನು ಹಿತ್ತಾಳೆಯ ಡಬ್ಬಿಯಲ್ಲಿಟ್ಟು, ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚಿದರು.

"ಇನ್ನ ಯಾರೂ ಮುಟ್ಟೂದಿಲ್ಲ. ಕಾಂದಾಕ್ಕ ಕುಂಕುಮ ಯಾರು ಹಚ್ತಾರ?"

ಹೀಗೆ ಹಾಲೆಂಡಿನ ಗಡ್ಡೆಗಳು ಹಣೆಗೆ ಕುಂಕುಮವಿಟ್ಟುಕೊಂಡು ಹಾಲಿನ ಬಾಟಲಿಗಳ ಪಕ್ಕದಲ್ಲಿ ತಮ್ಮ ಚಳಿಗಾಲ ಕಳೆದವು.

ಡಿಸೆಂಬರಿನಲ್ಲಿ ಎರಡನೆಯ ಮಾತು ಕೇಳಬೇಕಾಯಿತು. ಕೇಳಲು ಎಷ್ಟೋ ದಿನ ತಡೆದೆ. ದಿನವೆಲ್ಲ ಬಿಸಿಲು ಬೀಳುವ ನಮ್ಮ ಮೆಟ್ಟಿಲಿನ ಮೇಲೆ ಡಬ್ಬಗಳು ಮುಟ್ಟಲಾಗದಷ್ಟು ಕಾಯುತ್ತಿದ್ದವು. ತಂಪಿದ್ದದ್ದು ಒಗೆಯುವ ಕಲ್ಲಿನ ಹಿಂದೆ, ಬಡಗಣ ಗೋಡೆಯ ಬುಡದಲ್ಲಿ ಮಾತ್ರ. ಒಂದು ಮುಂಜಾನೆ ಕಾಕು ದಾಸವಾಳ ಕೀಳುತ್ತಿದ್ದಾಗ ಹೇಳಿದೆ.

ಅವರು ಕೈ ನಿಲ್ಲಿಸಲಿಲ್ಲ. "ನೆಲದಾಗ?"

"ಮೂರs ಗಡ್ಡಿ, ಕಾಕು."

"ಮುಂದ ಹಬ್ಬತದೇನು?"

"ಇಲ್ಲ."

"ಹೋದ ಮ್ಯಾಲೆ ಬೇರು ಉಳೀತದೇನು?"

"ಇಲ್ಲ ಕಾಕು. ಈ ಬಿಸಿಲಿಗೆ ತಡೆಯೂದಿಲ್ಲ. ಒಂದ ಸಲ ಹೂ ಬಿಟ್ಟು ಹೋಗಿಬಿಡ್ತದ."

"ಹೋಗೂದಿದ್ರ ಹಚ್ಚು" ಎಂದರು.

ಅನುಮತಿ ಸಿಕ್ಕಿತು. ಒಳಗೆ ಬಂದು ಅಕ್ಕಿ ಆರಿಸಿದೆ. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ನಾನೇ ಕೊಟ್ಟ ಉತ್ತರವನ್ನು ಅವರು ಒಪ್ಪಿಕೊಂಡಿದ್ದರು, ಅಷ್ಟೇ.

ಪುಣೆಯ ಮಣ್ಣು ಕಪ್ಪು, ಜಿಗಟು. ಧಾರವಾಡದ ನಮ್ಮ ಓಣಿಯ ಕೆಂಪು ಮಣ್ಣಿನಂತೆ ಬೆರಳ ಸಂದಿಯಿಂದ ಉದುರುವುದಿಲ್ಲ. ನೀರು ಕುಡಿದರೆ ಹಿಡಿದಿಟ್ಟುಕೊಂಡು ಗಡ್ಡೆಯನ್ನು ಕೊಳೆಸುತ್ತದೆ. ಭೀಮವ್ವನನ್ನು ಕೇಳಿ ಒಂದು ಬುಟ್ಟಿ ಉಸುಕು ತಂದೆ. "ಉಸುಕಿನ್ಯಾಗ ಹಚ್ಚಿ ಸಾಕ್ತೀರೇನ್ರಿ ಅದನ? ನಮ್ಮ ಮಕ್ಕಳೂ ಉಸುಕಿನ್ಯಾಗs ಬೆಳ್ಯಾಕತ್ತಾವ ಬಿಡ್ರಿ" ಎಂದಳು. ಗೇಣಿಗೆ ಸ್ವಲ್ಪ ಕಡಿಮೆ ಆಳ ತೋಡಿ, ತಳಕ್ಕೆ ಉಸುಕು ಹಾಸಿ, ಚೂಪು ತುದಿ ಮೇಲಾಗಿ ಮೂರನ್ನೂ ಕೂರಿಸಿ, ಒಣ ಸಗಣಿ ಪುಡಿ ಬೆರೆಸಿದ ಮಣ್ಣು ಮುಚ್ಚಿದೆ. ಕುಂಡದಲ್ಲಿ ಬೆರಳಿಗೆ ತಳ ತಗಲುತ್ತದೆ. ಇಲ್ಲಿ ತಗಲಲಿಲ್ಲ.

ಆಮೇಲೆ ಮಾಡುವುದು ಕಡಿಮೆ, ಕಾಯುವುದು ಹೆಚ್ಚು. ದಿನ ಬಿಟ್ಟು ದಿನ ಒಂದು ಚೊಂಬು ನೀರು, ಅದೂ ಮುಂಜಾನೆಯ ತಣ್ಣೀರು. ಒಗೆದ ಸಾಬೂನಿನ ನೀರು ಆ ಕಡೆ ಹರಿಯದಂತೆ ಇಟ್ಟಂಗಿಯ ಒಡ್ಡು. ಮಧ್ಯಾಹ್ನ ಹಳೆಯ ಕೊಡೆಯ ನೆರಳು. ಸಂಕ್ರಾಂತಿಯ ಹೊತ್ತಿಗೆ ಎರಡು ಮೊಳಕೆ ಬಂದವು. ಮೂರನೆಯದನ್ನು ಬೆರಳಿನಿಂದ ಕೆದಕಿ ನೋಡಿದರೆ ಮೆತ್ತಗಾಗಿ ನಾರುತ್ತಿತ್ತು. ಎರಡರಲ್ಲಿ ಒಂದು ಅಗಲ ಎಲೆ ಬಿಟ್ಟು ಅಲ್ಲಿಗೇ ನಿಂತಿತು. ಒಂದರ ನಡುವೆ ಮೊಗ್ಗು. ಇವರು ಕಾರ್ಖಾನೆಯಿಂದ ಬಂದು ಚಪ್ಪಲಿ ಬಿಡುತ್ತಲೇ, "ಏನಂತಾರ ನಿನ್ನ ಹಾಲೆಂಡಿನ ಅಳಿಯ?" ಎಂದು ಕೇಳುವುದು ರೂಢಿಯಾಯಿತು. ಅಷ್ಟರಲ್ಲಿ ನನಗೆ ಜ್ವರ ಬಂತು.

ಆ ಮುಂಜಾನೆ ಒಗೆಯುವ ಕಲ್ಲಿನ ಮೇಲೆ ಕೂತವಳಿಗೆ ಕಾಕು ಅವರ ಕಟ್ಟಿಗೆಯ ಖಡಾವಿನ ಸದ್ದು ಕೇಳಿಸಿತು. ಕಾಕು ದಾಸವಾಳ ಕಿತ್ತರು, ಕಣಗಿಲೆ ಬಿಡಿಸಿದರು, ನಂದಿಬಟ್ಟಲಿನ ಟೊಂಗೆ ಬಗ್ಗಿಸಿದರು. ಆಮೇಲೆ ಇತ್ತ ಬಂದು ನಿಂತರು.

ನನಗೆ ಏನು ಬೇಕಿತ್ತೆಂದು ಈಗಲೂ ಹೇಳಲಾರೆ. ಕಿತ್ತರೆ ನನ್ನ ಹೂವು ಹೋಗುತ್ತದೆ. ಆದರೆ ಅವರ ದೇವರ ಮುಂದೆ, ಆ ಮನೆಯ ದಾಸವಾಳದ ಪಕ್ಕದಲ್ಲಿ ಕೂರುತ್ತದೆ, ಮನೆಯ ಹೂವಾಗುತ್ತದೆ. ಬಿಟ್ಟರೆ ಹೂವು ಉಳಿಯುತ್ತದೆ, ಪರಕೀಯವಾಗಿ.

ಕಾಕು ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಬಗ್ಗಿದರು. ಎರಡು ಬೆರಳಿನ ನಡುವೆ ದಂಟು ಹಿಡಿದರು. ಕೀಳಲಿಲ್ಲ, ಬಿಡಲೂ ಇಲ್ಲ.

"ಇದು ದೇವರಿಗೆ ನಡೀತದೇನು?"

"ಗೊತ್ತಿಲ್ಲ ಕಾಕು."

"ನಮ್ಮ ಗಣಪತಿಗೆ ಇದರ ಗುರ್ತು ಇಲ್ಲ." ದಂಟನ್ನು ಹೊರಳಿಸಿ ನೋಡಿದರು. "ಇರ್ಲಿ. ಗುರುಜಿ ಬಂದಾಗ ಕೇಳೂಣು." ದಂಟು ಬಿಟ್ಟರು. ಹೊರಟವರು ತಿರುಗಿ, "ನಿನ್ನ ಮಾರಿ ಯಾಕ ಹಿಂಗ ಆಗೇದ? ಹೋಗು, ಒಳಗ ಹೋಗಿ ಮಲ್ಕೋ. ಗವತೀ ಚಹಾ ಹಾಕಿ ಕಾಢಾ ಕಳಸ್ತೀನಿ" ಎಂದರು. ಮಜ್ಜಿಗೆಹುಲ್ಲಿನ ಆ ಕಷಾಯ ಬಂತು, ಹಿತ್ತಾಳೆಯ ಲೋಟದಲ್ಲಿ, ಕೈ ಸುಡುವಷ್ಟು ಬಿಸಿ.

ಅವರು ಹೋದ ಮೇಲೆ ನಾನೂ ಬಗ್ಗಿ ಮೂಸಿದೆ. ಹೆಚ್ಚುಕಡಿಮೆ ಏನೂ ಇಲ್ಲ. ಮಳೆ ನಿಂತ ಮೇಲಿನ ಸ್ಲೇಟಿನಂಥ ಸಣ್ಣದೊಂದು ತಂಪು, ಅಷ್ಟೇ. ಇವರು ಡಬ್ಬಿ ಹಿಡಿದು ಬಸ್ಸಿಗೆ ಹೊರಟವರು ನಿಂತು ನೋಡಿದರು. "ಇದನ್ನ ನಾ ಎಲ್ಲೋ ನೋಡೀನಲ್ಲ!"

"ಒಂಬತ್ತು ವರ್ಷದಿಂದ ಇದರ ಮ್ಯಾಲs ತಲಿ ಇಟ್ಟು ಮಲಗ್ತೀರಿ."

"ಹೌದಲ್ಲs" ಎಂದು ತಲೆ ಕೆರೆದುಕೊಂಡು ಓಡಿದರು.

ಮಧ್ಯಾಹ್ನದ ಕಾವಿಗೆ ಹೂವು ಬಟ್ಟಲಿನಂತೆ ಬಿಚ್ಚಿಕೊಂಡಿತು. ಒಳಗೆ ಕಪ್ಪು ನಕ್ಷತ್ರವೊಂದಿತ್ತು. ಸಿಸ್ಟರ್ ಅವರ ನಕ್ಷೆಯಲ್ಲಿ ಅದಿರಲಿಲ್ಲ. ಭೀಮವ್ವನಿಗೆ ತೋರಿಸಬೇಕೆಂದು ಗೋಡೆಯ ಹತ್ತಿರ ಹೋದೆ. ಅವಳ ತಂಡ ದೌಂಡದ ಕಡೆ ಹೊಸ ಕೆಲಸಕ್ಕೆ ಹೋಗಿತ್ತು, ಗುಡಿಸಲಿದ್ದಲ್ಲಿ ಒಲೆಯ ಮೂರು ಕಲ್ಲು. ಆನೆಕೆ ಡಿಸೆಂಬರಿನಲ್ಲೇ ಗಂಡನೊಂದಿಗೆ ತನ್ನ ದೇಶಕ್ಕೆ ಮರಳಿದ್ದಳು. ಮಗಳು ಶಾಲೆಯಿಂದ ಬಂದು ಒಂದು ಸಲ ನೋಡಿ, ಛಾನ ಆಹೇ ಎಂದು ಮರಾಠಿಯಲ್ಲೇ ಹೊಗಳಿ ಆಡಲು ಓಡಿದಳು. ನಾನು ಚಾಪೆ ತಂದು ಅದರ ಪಕ್ಕದಲ್ಲೇ ಹಾಸಿಕೊಂಡೆ. ಯಾರಿಗೂ ಮರಾಠಿಯಲ್ಲಿ ಏನೂ ಹೇಳಬೇಕಾಗಿರಲಿಲ್ಲ, ಕನ್ನಡದಲ್ಲೂ. ಒಂದರಿಂದ ನಾಲ್ಕರ ತನಕ ಗೋಡೆಯ ನೆರಳಿನಲ್ಲಿ ಮಲಗಿದೆ. ಪುಣೆಯಲ್ಲಿ ಅಷ್ಟು ಗಾಢವಾಗಿ ನಾನು ನಿದ್ದೆ ಮಾಡಿದ್ದಿಲ್ಲ.

ಸಂಜೆ ಹೂವು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಕಾಕು ತುಳಸಿಗೆ ದೀಪ ಹಚ್ಚುತ್ತಿದ್ದರು. ಪಕ್ಕದ ಮನೆಯ ದೇಶಪಾಂಡೆ ಬಾಯಿ ಮೆಂತ್ಯಸೊಪ್ಪಿನ ಕಟ್ಟು ಹಿಡಿದು ಸಂತೆಯಿಂದ ಬರುತ್ತಿದ್ದವರು ಗೋಡೆಯ ಆಚೆ ನಿಂತು, ಕತ್ತು ಉದ್ದ ಮಾಡಿ ನೋಡಿದರು. ಕಾಕು ದೀಪದ ಬತ್ತಿ ಸರಿಮಾಡುತ್ತಲೇ, "ನಮ್ಮ ಸುಮತಿ ಹಚ್ಯಾಳ" ಎಂದರು. ಹೆಸರಿಗೆ ಮೊದಲು ನಮ್ಮ ಎಂದದ್ದನ್ನು ನಾನು ಕೇಳಿಸಿಕೊಂಡೆ. ದೇಶಪಾಂಡೆ ಬಾಯಿ ಸೊಪ್ಪಿನ ಕಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, ಮನೆಯ ಕಡೆ ಕಾಲು ಹಾಕುತ್ತ ನನಗೆ ಹೇಳಿದರು:

"ಭಾಳ ಛಂದ ಅದ. ನಿಮ್ಮ ಧಾರವಾಡ ಕಡೀ ಹೂವು ಅಲ್ಲೇನು? ಮುಂದಿನ ಸಲ ಊರಿಗೆ ಹೋದಾಗ ನನಗೂ ನಾಕು ಗಡ್ಡಿ ತೊಗೊಂಡು ಬಾ."